ಒಂದು ಗಂಟೆಗೆ ಬಾ ಅಂದಿದ್ದೆ

ಪೊಲೀಸ್ ಇಲಾಖೆಗೆ ಸೇರಿ ಹದಿನಾಲ್ಕು ವರ್ಷವಾದರೂ ನಾನು ಒಬ್ಬರ ಮೇಲೂ ಕೈ ಮಾಡಿರಲಿಲ್ಲ. ಹೆಮ್ಮೆಗೆ ಹೇಳುವ ಮಾತಲ್ಲ ಇದು. ಹೊಡೆಯುವ ಪ್ರಸಂಗವೇ ಬಂದಿರಲಿಲ್ಲ, ಅಷ್ಟೇ. ನನ್ನದು ವೈರ್‌ಲೆಸ್ ಕೆಲಸ. ಬಾಗಲಕೋಟೆಯಲ್ಲಿ ಒಂದು ಕೋಣೆ, ಕಿವಿಗೆ ಹೆಡ್‌ಫೋನ್, ಮುಂದೆ ದಪ್ಪ ರಿಜಿಸ್ಟರ್. ಒಂದು ಠಾಣೆಯವರು ಹೇಳಿದ್ದನ್ನು ಇನ್ನೊಂದು ಠಾಣೆಗೆ ಮುಟ್ಟಿಸಿ, ಹೊತ್ತು ಬರೆದು ಸಹಿ ಹಾಕಿದರೆ ನನ್ನ ಕೆಲಸ ಮುಗಿಯಿತು. ಜೊತೆಯವರು ನನ್ನನ್ನು ‘ಬಾಯಿ ಪೊಲೀಸ’ ಎಂದು ಕರೆಯುತ್ತಿದ್ದರು. ಕೈಯಿಂದ ಮಾಡುವ ಕೆಲಸ ಇವನಿಗೆ ಬಾರದು ಎಂಬುದು ಅದರ ಅರ್ಥ.

ನಮ್ಮ ಜಿಲ್ಲೆಗೆ ವಿಮಾನ ನಿಲ್ದಾಣವಿಲ್ಲ. ದೊಡ್ಡವರು ಬರುವುದು ಹೆಲಿಕಾಪ್ಟರಿನಲ್ಲಿ, ಇಳಿಯುವುದು ಯಾವುದಾದರೂ ಮೈದಾನದಲ್ಲಿ. ನೆಲ ಹದ ಮಾಡುವವರು ಹಿಂದಿನ ದಿನ ಬಂದು ಸುಣ್ಣದಲ್ಲಿ ದೊಡ್ಡ ವೃತ್ತ ಬರೆದು, ಧೂಳು ಏಳದಂತೆ ನೀರು ಹೊಡೆದು ಹೋಗುತ್ತಾರೆ. ಒಂದು ಮೂಲೆಗೆ ಅಗ್ನಿಶಾಮಕ ಗಾಡಿ ನಿಲ್ಲುತ್ತದೆ, ಇನ್ನೊಂದು ಮೂಲೆಗೆ ಆಂಬ್ಯುಲೆನ್ಸ್. ಸುತ್ತ ಬಿದಿರಿನ ಗಳ ಕಟ್ಟುತ್ತಾರೆ. ಅಷ್ಟು ಕೆಳಗೆ ಹಾರುವ ಹೆಲಿಕಾಪ್ಟರು ದೂರದ ಊರಿನ ರಾಡಾರಿಗೆ ಕಾಣುವುದಿಲ್ಲ. ಅದು ಹಿಂದಿನ ಊರಿನ ಮೈದಾನದಿಂದ ಎದ್ದ ಕೂಡಲೇ ಅಲ್ಲಿಯ ವೈರ್‌ಲೆಸ್‌ನವನು ನನಗೆ ಹೇಳಬೇಕು, ನಾನು ಇಲ್ಲಿಯವರಿಗೆ ಹೇಳಬೇಕು. ನಡುವಿನ ದಾರಿಯಲ್ಲಿ ಅದು ಎಲ್ಲಿದೆ ಎಂಬುದು ಗೊತ್ತಿರುವುದು ಪೈಲಟ್‌ಗೆ ಮಾತ್ರ. ಇಷ್ಟು ಕೆಲಸಕ್ಕೆ ಆರು ಕಡೆಯವರು ಸೇರುತ್ತಿದ್ದರು, ಆರೂ ಜನರ ಕಿಸೆಯಲ್ಲಿ ಆರು ಬೇರೆ ಬೇರೆ ಕಾಗದ. ಯಾರ ಕಾಗದದಲ್ಲಿ ಏನು ಬರೆದಿದೆ ಎಂದು ಇನ್ನೊಬ್ಬರು ಕೇಳುವ ಪದ್ಧತಿ ಇರಲಿಲ್ಲ.

ಆ ವರ್ಷ ಚುನಾವಣೆ ಬಿರುಬಿಸಿಲಿನಲ್ಲೇ ಬಂತು. ಹುನಗುಂದ ಮತ್ತು ಇಳಕಲ್ ನಡುವೆ, ಹೆದ್ದಾರಿಗೆ ಹತ್ತಿಕೊಂಡ ಒಂದು ಮೈದಾನಕ್ಕೆ ನನ್ನನ್ನು ಹಾಕಿದರು. ಒಂದೇ ಮೈದಾನ, ಎರಡು ಪಕ್ಷ. ನನ್ನ ಕಾಗದದ ಪ್ರಕಾರ ಒಂದು ಪಕ್ಷದ ಹೆಲಿಕಾಪ್ಟರು ಹನ್ನೊಂದೂವರೆಗೆ ಇಳಿದು ಹನ್ನೆರಡೂವರೆಗೆ ಎದ್ದು ಹೋಗಬೇಕು. ಇನ್ನೊಂದು ಪಕ್ಷದ್ದು ಮೂರಕ್ಕೆ ಬರಬೇಕು. ನಡುವೆ ಎರಡೂವರೆ ತಾಸು ಬಿಡುವಿತ್ತು.

ಬೆಳಿಗ್ಗೆ ಎಂಟಕ್ಕೇ ಕುರಿಗಾರನೊಬ್ಬ ಬೇಲಿಯ ಹತ್ತಿರ ಬಂದು ನಿಂತಿದ್ದ. ನಲವತ್ತೈದರ ಆಸುಪಾಸು, ಎಣ್ಣೆ ಹಚ್ಚಿ ತಿರುವಿದ ಮೀಸೆ, ಹೆಗಲ ಮೇಲೆ ಕಂಬಳಿ, ಅಂಗಿಯ ಕಿಸೆಯಲ್ಲಿ ದೊಡ್ಡ ಪರದೆಯ ಮೊಬೈಲು. ಮಾತಿನ ಮನುಷ್ಯ. ಮೊದಲು ಸುಣ್ಣ ಹಾಕುತ್ತಿದ್ದವರ ಜೊತೆ ಜಗಳ ತೆಗೆದಿದ್ದ. ಹಸಿ ಸುಣ್ಣ ತುಳಿದರೆ ಕುರಿಗಳ ಗೊರಸು ಸುಡುತ್ತವಂತೆ. ಅವರು ಅವನ ಮಾತಿಗೆ ಗಮನ ಕೊಡದೆ ಇದ್ದಾಗ ನನ್ನ ಕಡೆ ಬಂದ. ಮೈದಾನದ ಆಚೆ ಬದಿಗೆ ಒಂದು ಸಣ್ಣ ಕೆರೆ. ಶಿರೂರಿನ ಕಡೆಯಿಂದ ಕುರಿ ಹೊಡೆದುಕೊಂಡು ಬಂದವನು ಎಂಟು ದಿನದಿಂದ ಪಕ್ಕದ ಹೊಲದಲ್ಲಿ ಹಟ್ಟಿ ಹಾಕಿದ್ದನಂತೆ. ದಿನಾ ಮಧ್ಯಾಹ್ನ ಈ ಮೈದಾನದ ಮೇಲಿಂದಲೇ ಕುರಿಗಳನ್ನು ನೀರಿಗೆ ಒಯ್ಯುತ್ತಿದ್ದನಂತೆ.

“ಇವತ್ತ ಯಾವಾಗ ಬರ್ಲಿ ಹೇಳ್ರಿ ಸಾಹೇಬ್ರ. ಇಲ್ಲಂದ್ರ ಸುತ್ತ ಹಾಕಿ ಹೋಗ್ತೇನಿ, ಆದ್ರ ಈ ಬಿಸಲಾಗ ಮರಿ ತಡಿಯಾಂಗಿಲ್ರಿ.”

ನಾನು ಕಿಸೆಯಿಂದ ಕಾಗದ ತೆಗೆದು ನೋಡಿದೆ. ಹಾಗೆ ನೋಡಿ ಹೇಳುವುದರಲ್ಲಿ ಸಣ್ಣದೊಂದು ದೊಡ್ಡಸ್ತಿಕೆಯೂ ಇತ್ತೆಂದು ಕಾಣುತ್ತದೆ.

“ಹನ್ನೆರಡೂವರಿಗೆ ಎದ್ದು ಹೋಗ್ತೈತಿ. ನೀ ಒಂದು ಗಂಟೆಗೆ ಬಾ” ಅಂದೆ.

ಅವನು ಮೊಬೈಲಿನಲ್ಲಿ ಹೊತ್ತು ನೋಡಿಕೊಂಡು, ತಲೆ ಆಡಿಸಿ ಹೋದ.

ಹನ್ನೊಂದೂವರೆ ಆಯಿತು, ಹನ್ನೆರಡಾಯಿತು, ಹೆಲಿಕಾಪ್ಟರು ಬರಲಿಲ್ಲ. ನನ್ನ ಸೆಟ್‌ನಲ್ಲಿ ಒಂದು ಮಾತೂ ಇಲ್ಲ. ಸ್ವಾಗತಕ್ಕೆ ಹಾರ ಹಿಡಿದು ನಿಂತಿದ್ದ ಜನ ನೆರಳು ಹುಡುಕಿಕೊಂಡು ಚದುರಿದರು. ಪಕ್ಷದ ಮುಖಂಡನೊಬ್ಬ ಬಂದು, ಸಾಹೇಬರು ರಸ್ತೆಯ ಮೇಲೆಯೇ ಬರುತ್ತಾರಂತೆ, ಹೆಲಿಕಾಪ್ಟರು ರದ್ದಾಯಿತಂತೆ ಎಂದು ಹೇಳಿದ. ಅವನಿಗೆ ಯಾರು ಹೇಳಿದರೋ ನಾನು ಕೇಳಲಿಲ್ಲ. ಪೈಲಟ್ ಜೊತೆ ಮಾತಾಡುವ ಬೇರೆಯೇ ಸೆಟ್ ಹಿಡಿದಿದ್ದ ಹೆಲಿಕಾಪ್ಟರ್ ಕಂಪನಿಯ ಮನುಷ್ಯ ಊಟಕ್ಕೆಂದು ಇಳಕಲ್ಲಿಗೆ ಹೋದ. ನಾನು ಬೇವಿನ ಮರದ ಕೆಳಗೆ ಜೀಪಿಗೆ ಒರಗಿ ಬುತ್ತಿ ಬಿಚ್ಚಿದೆ.

ಒಂದಕ್ಕೆ ಸರಿಯಾಗಿ ಕುರಿಗಾರ ಬಂದ. ಹಿಂದೆ ನೂರಕ್ಕೆ ಮೇಲ್ಪಟ್ಟ ಕುರಿ. ಮೈದಾನ ಖಾಲಿ ಕಂಡಿದ್ದರಿಂದ ಹೆಲಿಕಾಪ್ಟರು ಬಂದು ಹೋಗಿದೆ ಎಂದುಕೊಂಡಿರಬೇಕು. ಬೇಲಿಯ ಬಳಿ ನಿಂತು ನನ್ನ ಕಡೆ ನೋಡಿ ಕೈ ಎತ್ತಿದ. ನನ್ನ ಬಲಗೈಯಲ್ಲಿ ರೊಟ್ಟಿ ಇತ್ತು. ಎಡಗೈ ಎತ್ತಿ ಬಾ ಎಂದು ಬೀಸಿದೆ. ಅವನು ಗಳ ಸರಿಸಿ ಕುರಿಗಳನ್ನು ಒಳಗೆ ಬಿಟ್ಟ.

ಕುರಿಗಳು ವೃತ್ತದ ಹತ್ತಿರ ಬಂದಿದ್ದಾಗ ದಕ್ಷಿಣದಿಂದ ಸದ್ದು ಕೇಳಿತು. ಆ ಸದ್ದಿನ ಮೇಲೆಯೇ ನನ್ನ ವಾಕಿಟಾಕಿ ಬಾಯಿ ಬಿಟ್ಟಿತು: ಹಿಂದಿನ ಊರಿನಿಂದ ಹೆಲಿಕಾಪ್ಟರು ಎದ್ದಿದೆ. ಎದ್ದು ಎಷ್ಟು ಹೊತ್ತಾಯಿತು ಎಂದು ಕೇಳುವಷ್ಟರಲ್ಲಿ ಅದು ಮರದ ತಲೆಯ ಮೇಲಿತ್ತು. ಬೆಳಿಗ್ಗೆ ಹೊಡೆದ ನೀರು ಯಾವಾಗಲೋ ಆರಿ ಹೋಗಿತ್ತು. ಗರಸು ಮಣ್ಣಿನ ಧೂಳು ಒಮ್ಮೆಲೇ ಎದ್ದು ಮೈದಾನವೇ ಕಾಣದಾಯಿತು. ಆ ಧೂಳಿನೊಳಗಿಂದ ಕುರಿಗಳ ಕೂಗು. ಪೈಲಟ್‌ಗೆ ಕೊನೆಗೆ ಕಂಡಿರಬೇಕು. ಎರಡಾಳು ಎತ್ತರಕ್ಕೆ ಇಳಿದದ್ದನ್ನು ಹಾಗೆಯೇ ಮೇಲಕ್ಕೆ ಎಳೆದ. ಆ ಎಳೆತದ ಗಾಳಿಗೆ ಸ್ವಾಗತಕ್ಕೆ ಹಾಕಿದ್ದ ಪೆಂಡಾಲಿನ ತಗಡೊಂದು ಕಿತ್ತು ಹಾರಿ ನೆಲಕ್ಕೆ ಬಡಿದು ಉರುಳುತ್ತ ಬಂದು ಒಬ್ಬ ಕಾರ್ಯಕರ್ತನ ಮೊಣಕಾಲಿನ ಕೆಳಗೆ ಸೀಳಿತು. ಅವನು ಕೂತಲ್ಲೇ ಎರಡೂ ಕೈಯಿಂದ ಕಾಲು ಹಿಡಿದುಕೊಂಡ. ಬೆರಳ ಸಂದಿಯಿಂದ ರಕ್ತ ಬರುತ್ತಿತ್ತು.

ಅಷ್ಟರಲ್ಲಿ ಉತ್ತರದಿಂದ ಇನ್ನೊಂದು ಹೆಲಿಕಾಪ್ಟರು ಬಂತು. ಮೂರಕ್ಕೆ ಬರಬೇಕಾದದ್ದು. ಮೇಲೆ ಎಳೆದುಕೊಂಡು ಹೋಗುತ್ತಿದ್ದದ್ದಕ್ಕೂ ಕೆಳಗೆ ಇಳಿಯುತ್ತಿದ್ದದ್ದಕ್ಕೂ ನಡುವೆ ಎಷ್ಟು ಜಾಗವಿತ್ತೆಂದು ನೆಲದಿಂದ ನನಗೆ ಅಳೆಯಲಾಗಲಿಲ್ಲ. ಉತ್ತರದ್ದು ಒಂದು ಬದಿಗೆ ವಾಲಿ, ಹೊಟ್ಟೆ ತೋರಿಸಿ, ಬಾದಾಮಿಯ ದಿಕ್ಕಿಗೆ ಹೊರಳಿಕೊಂಡಿತು. ಕೆಳಗಿದ್ದವರೆಲ್ಲ ಒಮ್ಮೆಲೇ ತಲೆ ಬಗ್ಗಿಸಿದೆವು.

ಕುರಿಗಳು ಬೇಲಿ ಮುರಿದುಕೊಂಡು ಹೆದ್ದಾರಿಗೆ ನುಗ್ಗಿದವು. ಇಳಕಲ್ ಕಡೆಯಿಂದ ಕಲ್ಲು ಹೇರಿಕೊಂಡು ಬರುತ್ತಿದ್ದ ಲಾರಿಯವನು ಬ್ರೇಕ್ ಹಾಕಿದ. ಅಷ್ಟು ಭಾರ ಹೊತ್ತ ಗಾಡಿ ಹಾಗೆ ನಿಲ್ಲುತ್ತದೆಯೇ? ಹಿಂಡಿನ ನಡುವೆ ಹಾದು ಹೋಗಿ ನಿಂತಿತು. ಆ ಸದ್ದನ್ನು ನಾನು ಬರೆಯಲಾರೆ. ಸತ್ತವುಗಳಿಗಿಂತ ಸಾಯದೆ ಉಳಿದವು ಹೆಚ್ಚು ಕೂಗುತ್ತಿದ್ದವು.

ಮೊದಲನೆಯ ಹೆಲಿಕಾಪ್ಟರು ಒಂದು ಸುತ್ತು ಹಾಕಿ ಬಂದು ಇಳಿಯಿತು. ಅದರಿಂದ ಮೊದಲು ಇಳಿದವನು ಭದ್ರತೆಯ ಅಧಿಕಾರಿ. ಅವನ ಮುಖ ಬಿಳಿಚಿಕೊಂಡಿತ್ತು. ಈ ಕುರಿಗಳನ್ನು ಒಳಗೆ ಬಿಟ್ಟವರು ಯಾರು ಎಂದು ನನ್ನ ಮುಖಕ್ಕೇ ಕೇಳಿದ. ಸುತ್ತ ಜನ ಸೇರಿದ್ದರು. ಎದುರು ಪಕ್ಷದವರೇ ಬೇಕಂತ ಕುರಿ ಬಿಡಿಸಿದ್ದಾರೆ ಎಂಬ ಮಾತು ಆಗಲೇ ಎದ್ದಿತ್ತು. ಎದುರು ಪಕ್ಷದವರೂ ತಮ್ಮ ನಾಯಕನ ಹೆಲಿಕಾಪ್ಟರು ಬರುತ್ತದೆಂದು ಎರಡು ಟ್ರ್ಯಾಕ್ಟರಿನಲ್ಲಿ ಬಂದಿಳಿಯುತ್ತಿದ್ದರು.

ಕುರಿಗಾರ ಓಡಿ ಹೋಗಲಿಲ್ಲ. ಅದನ್ನೇ ನಾನು ಎಲ್ಲಕ್ಕಿಂತ ಹೆಚ್ಚು ನೆನೆಯುವುದು. ರಸ್ತೆಯ ಕಡೆಯಿಂದ ನೇರ ನನ್ನ ಕಡೆಗೇ ಬಂದ. ಅವನ ಪಂಚೆಗೆ ರಕ್ತ ಮೆತ್ತಿತ್ತು, ಕುರಿಯದ್ದು. ಅಷ್ಟು ಜನರ ನಡುವೆ ಅವನಿಗೆ ಗುರುತಿನ ಮುಖ ನನ್ನದೊಂದೇ. ಬಂದವನೇ ನನ್ನ ಎಡ ತೋಳು ಹಿಡಿದ.

“ಸಾಹೇಬ್ರ, ನೀವ ಹೇಳಿದ್ರೆಲ್ರಿ, ಒಂದು ಗಂಟೆ…”

ಮಾತು ಮುಗಿಯುವ ಮೊದಲೇ ಹೊಡೆದೆ. ಕೈಯಲ್ಲಿ ವಾಕಿಟಾಕಿ ಇತ್ತು, ಇಲಾಖೆಯ ಹಳೆಯ ಕಾಲದ್ದು, ಬ್ಯಾಟರಿ ಸಮೇತ ಅರ್ಧ ಇಟ್ಟಂಗಿಯಷ್ಟು ಭಾರ. ಎಡಗಿವಿಯ ಮೇಲೆ ಬಿತ್ತು. ಸಿಟ್ಟಿನಿಂದ ಹೊಡೆದೆನೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸಿಟ್ಟು ಇರಲಿಲ್ಲ. ಅವನ ಬಾಯಿ ಮುಚ್ಚಬೇಕಿತ್ತು, ಅಧಿಕಾರಿ ಎರಡು ಮೊಳ ದೂರದಲ್ಲಿ ನಿಂತಿದ್ದ.

ಅವನು ಬೀಳಲಿಲ್ಲ. ಕಿವಿಯ ಮೇಲೆ ಕೈ ಇಟ್ಟುಕೊಂಡು ನನ್ನನ್ನು ನೋಡಿದ. ಎರಡನೆಯ ಸಲ ಹೊಡೆದೆ. ಆಗ ಬಿದ್ದ.

ಪೊಲೀಸರೇ ಹೊಡೆದ ಮೇಲೆ ಜನಕ್ಕೆ ಇನ್ನೇನು ಬೇಕು? ಬೇಲಿಯ ಗಳ ಕಿತ್ತುಕೊಂಡು ಬಂದರು. ಕಾಲಿನಿಂದ, ಗಳದಿಂದ, ಕುರ್ಚಿಯಿಂದ ಹೊಡೆದರು. ಅವನು ಮಂಡಿ ಹೊಟ್ಟೆಗೆ ಎಳೆದುಕೊಂಡು ಕಂಬಳಿ ತಲೆಗೆ ಹೊದ್ದುಕೊಂಡ. ಆ ಕಂಬಳಿಯನ್ನೂ ಎಳೆದು ಬಿಸಾಕಿದರು. ಬಿಡ್ರಿ, ಸಾಕು ಬಿಡ್ರಿ ಎಂದು ನಾನು ಒದರುತ್ತಿದ್ದೆ. ಹಾಗೆ ಒದರುವ ಹಕ್ಕು ಆಗಲೇ ನನ್ನ ಕೈಬಿಟ್ಟಿತ್ತು. ಅತ್ತ ಟ್ರ್ಯಾಕ್ಟರಿನವರ ಕಡೆಯಿಂದ ಕಲ್ಲು ಬರತೊಡಗಿದವು, ಇತ್ತಲಿಂದ ಕುರ್ಚಿಗಳು ಹೋದವು. ಒಂದು ಕಲ್ಲು ನನ್ನ ಬಲಗೈ ಮಣಿಕಟ್ಟಿಗೆ ಬಿದ್ದು ಮೂಳೆ ಮುರಿಯಿತು. ವಾಕಿಟಾಕಿ ಕೈಯಿಂದ ಜಾರಿತು. ಕೆಳಗೆ ಬಿದ್ದುಕೊಂಡೇ ಅದು ಹೇಳುತ್ತಿತ್ತು: ಎರಡನೆಯ ಹೆಲಿಕಾಪ್ಟರು ಈಗ ಎದ್ದಿದೆ, ದಾಖಲಿಸಿಕೊಳ್ಳಿ.

ಅದನ್ನೆಲ್ಲ ನಿಲ್ಲಿಸಿದವನು ಅಗ್ನಿಶಾಮಕ ಗಾಡಿಯ ಚಾಲಕ. ನಿವೃತ್ತಿಗೆ ಹತ್ತಿರವಾದ, ಮೈ ಭಾರದ ಮನುಷ್ಯ. ಬೆಳಿಗ್ಗೆಯಿಂದ ಯಾರ ಜೊತೆಯೂ ಮಾತಾಡದೆ ಗಾಡಿಯ ನೆರಳಿನಲ್ಲಿ ಕೂತಿದ್ದ. ಯಾರನ್ನೂ ಕೇಳದೆ ಪಂಪು ಶುರು ಮಾಡಿ ನೀರನ್ನು ಜನರ ಎದೆಗೇ ಬಿಟ್ಟ. ಮೊದಲ ಸಾಲಿನವರು ಉರುಳಿ ಬಿದ್ದರು. ಉಳಿದವರು ಓಡಿದರು. ಕೆಸರಿನಲ್ಲಿ ಕುರಿಗಾರ ಒಬ್ಬನೇ ಉಳಿದ.

ಆಂಬ್ಯುಲೆನ್ಸ್‌ನವನು ಬರಲಾರೆ ಅಂದ. ಹೆಲಿಕಾಪ್ಟರು ಏಳುವ ತನಕ ಅದು ಅಲ್ಲಿಂದ ಅಲ್ಲಾಡುವಂತಿಲ್ಲ, ಅವನ ಕಾಗದದಲ್ಲಿ ಹಾಗೆ ಬರೆದಿತ್ತು. ಚಾಲಕ ಅವನ ಜೊತೆ ವಾದ ಮಾಡಲಿಲ್ಲ. ಕುರಿಗಾರನನ್ನು ಎತ್ತಿ ಅಗ್ನಿಶಾಮಕ ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿ, ತನ್ನ ಸೊಂಟದ ಪಟ್ಟಿಯಿಂದಲೇ ಅವನನ್ನು ಸೀಟಿಗೆ ಬಿಗಿದು, ಗಂಟೆ ಬಾರಿಸುತ್ತ ಹುನಗುಂದಕ್ಕೆ ಒಯ್ದ. ಜಾಗ ಬಿಟ್ಟು ಹೋದದ್ದಕ್ಕೆ ಆಮೇಲೆ ಅವನಿಗೆ ಮೆಮೊ ಬಂತು.

ನಮ್ಮಪ್ಪ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದ. ಸಿಟ್ಟು ಬಂದಾಗ ಕೈಯಲ್ಲಿದ್ದದ್ದರಿಂದಲೇ ಹೊಡೆಯುವುದು ಅವನ ರೂಢಿ. ಲಾಳಿ ಇದ್ದರೆ ಲಾಳಿ, ಚಹದ ಬಟ್ಟಲು ಇದ್ದರೆ ಬಟ್ಟಲು. ನನ್ನ ಹುಬ್ಬಿನ ಮೇಲೆ ಲಾಳಿಯ ಮೊನೆ ಬಿದ್ದ ಗುರುತು ಈಗಲೂ ಇದೆ. ನಾನು ಹಾಗಾಗುವುದಿಲ್ಲ ಎಂದೇ ವೈರ್‌ಲೆಸ್ ಕೇಳಿಕೊಂಡು ಹೋಗಿದ್ದೆ. ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಸಂಜೆ ಹೆಂಡತಿ ಏನಾಯಿತೆಂದು ಕೇಳಿದಳು. ಗಲಾಟೆಯಲ್ಲಿ ಕಲ್ಲು ಬಿತ್ತು ಅಂದೆ. ಅವಳು ಮರುಗಿ ಹಾಲು ಕಾಯಿಸಿ ಕೊಟ್ಟಳು. ಕುಡಿದೆ.

ವಿಚಾರಣೆ ಬಾಗಲಕೋಟೆಯಲ್ಲಿ ನಡೆಯಿತು. ವಿಚಾರಣೆಯ ಅಧಿಕಾರಿ ಮೇಜಿನ ಮೇಲೆ ಆರು ಕಾಗದಗಳನ್ನು ಸಾಲಾಗಿ ಹರವಿದ. ನೆಲ ಹದ ಮಾಡಿದವರ ಕಾಗದದಲ್ಲಿ ಬರೀ ತಾರೀಖು ಇತ್ತು. ಆಂಬ್ಯುಲೆನ್ಸ್‌ನವರದರಲ್ಲಿ ಹನ್ನೊಂದು ಗಂಟೆ. ಅಗ್ನಿಶಾಮಕದವರದರಲ್ಲಿ ಹನ್ನೊಂದೂವರೆ ಹೊಡೆದು ಹಾಕಿ ಪೆನ್ಸಿಲ್ಲಿನಲ್ಲಿ ಒಂದೂಕಾಲು ಎಂದು ಬರೆದಿತ್ತು. ಚಾಲಕನಿಗೆ ಯಾರೋ ಫೋನು ಮಾಡಿ ಹೇಳಿದ್ದರಂತೆ. ಭದ್ರತೆಯವರ ಕಾಗದದಲ್ಲೂ ಒಂದೂಕಾಲು. ಅನುಮತಿ ಕೊಟ್ಟ ಕಚೇರಿಯ ಕಂಪ್ಯೂಟರಿನಲ್ಲಿ ಎರಡೂ ಹೆಲಿಕಾಪ್ಟರುಗಳ ಬದಲಾದ ವೇಳೆ ಬೆಳಿಗ್ಗೆ ಒಂಬತ್ತರಿಂದಲೇ ಬಂದು ಕೂತಿತ್ತು. ಒಂದು ತಡವಾಗುತ್ತದೆ, ಒಂದು ಬೇಗ ಬರುತ್ತದೆ, ಎರಡರ ನಡುವೆ ಹತ್ತು ನಿಮಿಷ. ಅದನ್ನು ತೆರೆದು ನೋಡಿದವನು ತನ್ನ ಕಡತಕ್ಕೆ ಹಾಕಿಕೊಂಡು ಸುಮ್ಮನಾಗಿದ್ದ. ಮುಂದಕ್ಕೆ ಕಳಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಆರನೆಯದು ನನ್ನ ಕಾಗದ, ಹನ್ನೊಂದೂವರೆ ಮತ್ತು ಮೂರು.

“ನಿಮ್ಮ ಕಾಗದದ ಪ್ರಕಾರ ನಿಮ್ದೇನೂ ತಪ್ಪಿಲ್ಲ” ಅಂದ ಅಧಿಕಾರಿ.

ಅದಾದ ಮೇಲೆ ಕುರಿಗಾರ ದವಾಖಾನೆಯಲ್ಲಿ ಕೊಟ್ಟ ಹೇಳಿಕೆಯನ್ನು ಓದಿದ. ವೈರ್‌ಲೆಸ್ ಸಾಹೇಬರು ಒಂದು ಗಂಟೆಗೆ ಬಾ ಅಂದಿದ್ದರು, ಬಂದಾಗ ಕೈ ಮಾಡಿ ಕರೆದರು ಎಂದು ಅವನು ಹೇಳಿದ್ದ. ಹೊಡೆದವರಲ್ಲಿ ಮೊದಲನೆಯವರು ಅವರೇ ಎಂದೂ ಹೇಳಿದ್ದ. ಇದು ಖರೆಯೇ ಎಂದು ಅಧಿಕಾರಿ ಕೇಳಿದಾಗ, ಆ ಮನುಷ್ಯನನ್ನು ನಾನು ಮೊದಲು ನೋಡಿಯೇ ಇಲ್ಲ ಅಂದೆ. ಗದ್ದಲದಲ್ಲಿ ಕೈ ತಾಗಿದ್ದರೆ ಗೊತ್ತಿಲ್ಲ ಎಂದೂ ಸೇರಿಸಿದೆ. ಬರೆದುಕೊಂಡರು. ಎಡಗೈಯಿಂದ ಸಹಿ ಹಾಕಿದೆ. ಹೆಲಿಕಾಪ್ಟರಿನಲ್ಲಿದ್ದವರ ಜೀವಕ್ಕೆ ಅಪಾಯ ತಂದ ಆರೋಪದ ಮೇಲೆ ಕುರಿಗಾರನ ಮೇಲೆ ಪ್ರಕರಣವಾಯಿತು.

ಒಂದು ವಾರದ ಮೇಲೆ ಅವನ ಹೆಂಡತಿ ನಮ್ಮ ಕಚೇರಿಯ ಗೇಟಿಗೆ ಬಂದಳು. ಮಧ್ಯಾಹ್ನ ನಾನು ಹೊರಗೆ ಬಂದಾಗ ಎದ್ದು ನಿಂತಳು. ನನ್ನನ್ನು ಹೇಗೆ ಗುರುತು ಹಿಡಿದಳೋ, ಪ್ಲಾಸ್ಟರ್ ನೋಡಿಯೇ ಇರಬೇಕು. ಅಳಲಿಲ್ಲ, ಬೈಯಲೂ ಇಲ್ಲ.

“ನನ್ನ ಗಂಡ ಭಾಳ ಮಾತಾಡ್ತಾನ, ಖರೆ” ಅಂದಳು. “ಒಂದಕ್ಕ ಎರಡ ಮಾಡಿ ಹೇಳ್ತಾನ. ಆದ್ರ ಇಲ್ಲದ್ದ ಹುಟ್ಟಿಸಿ ಹೇಳಾಂವ ಅಲ್ರಿ ಅಂವ. ನಿಮಗ ಗೊತ್ತೈತಿ.”

ನಾನು ತಿರುಗಿ ಒಳಗೆ ಹೋದೆ. ಅವಳು ಸಂಜೆಯ ಬಸ್ಸಿನ ತನಕ ಅಲ್ಲೇ ಕೂತಿದ್ದಳು ಎಂದು ಗೇಟಿನವನು ಹೇಳಿದ.

ಆ ಉತ್ತರದ ಹೆಲಿಕಾಪ್ಟರಿನ ಪೈಲಟ್ ಹೇಳಿಕೆ ಕೊಡಲು ಬಂದದ್ದು ಅದರ ಮರುದಿನ. ಹೊರಗಿನವನು, ಹಿಂದಿಯಲ್ಲಿ ಮಾತಾಡುತ್ತಿದ್ದ. ಅಧಿಕಾರಿ ಬರುವುದು ತಡವಾಯಿತೆಂದು ಅವನನ್ನು ನಮ್ಮ ವೈರ್‌ಲೆಸ್ ಕೋಣೆಯಲ್ಲಿ ಕೂರಿಸಿದರು. ಚಹ ತರಿಸಿದೆ. ಎದುರಿನ ಹೆಲಿಕಾಪ್ಟರಿನ ಕಿಟಕಿಯಲ್ಲಿ ಕೂತಿದ್ದವರ ಕನ್ನಡಕ ತನಗೆ ಕಂಡಿತ್ತು, ಅದು ಈಗಲೂ ನಿದ್ದೆಯಲ್ಲಿ ಬರುತ್ತದೆ ಅಂದ. ಮೊದಲು ಅವನು ದೊಡ್ಡ ವಿಮಾನ ಹಾರಿಸುತ್ತಿದ್ದನಂತೆ. ದೊಡ್ಡ ನಿಲ್ದಾಣಗಳಲ್ಲಿ ಈಗ ಹೀಗಿಲ್ಲ ಎಂದು ಹೇಳಿದ. ಹವಾಮಾನ ಹೇಳುವವರು, ವಿಮಾನ ಇಳಿಸುವವರು, ಕಂಪನಿಯವರು, ಬೆಂಕಿ ಆರಿಸುವವರು ಎಲ್ಲರೂ ಒಂದೇ ಕಡೆಯಿಂದ ಸುದ್ದಿ ತೆಗೆದುಕೊಳ್ಳುವ ಏರ್ಪಾಡು ಬರುತ್ತಿದೆ. ಒಂದು ವಿಮಾನ ತಡವಾದರೆ ಒಬ್ಬನು ಒಂದು ಸಲ ತಿದ್ದಿದರೆ ಸಾಕು, ಎಲ್ಲರ ಪರದೆಯ ಮೇಲೂ ತಿದ್ದಿರುತ್ತದೆ. ನನ್ನ ಕಾಗದ, ನಿನ್ನ ಕಾಗದ ಎಂಬುದೇ ಇಲ್ಲ. ನಿಮ್ಮಲ್ಲಿ ಆರು ಕಾಗದ ಇದ್ದವಂತೆ ಎಂದು ನಕ್ಕ.

ಹಾಗಾದರೆ ಅಲ್ಲಿ ಇಂಥದು ಆಗುವುದೇ ಇಲ್ಲವೇ ಎಂದು ನಾನು ಕೇಳಿದೆ. ಅವನು ಬಟ್ಟಲು ಕೆಳಗಿಟ್ಟ. ಆಗುತ್ತದೆ, ಯಾರಿಗಾದರೂ ಗೊತ್ತಿದ್ದದ್ದನ್ನು ಅವನು ಒಳಗೆ ಹಾಕದೇ ಹೋದರೆ ಯಂತ್ರಕ್ಕೆ ಹೇಗೆ ತಿಳಿಯಬೇಕು ಅಂದ. ಸಹಜವಾಗಿ ಆಡಿದ ಮಾತು, ನನ್ನ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಆದರೆ ಆರು ಕಾಗದಗಳಲ್ಲಿ ಒಂದರಲ್ಲೂ ಇಲ್ಲದ ವೇಳೆಯೊಂದಿತ್ತು. ಅದನ್ನು ಬಾಯಿಂದ ಹೇಳಿದವನು ನಾನು, ಕೇಳಿದವನು ಕುರಿಗಾರ. ಕೇಳಿದವನು ಹೇಳಿದ್ದನ್ನು ನಾನು ಸುಳ್ಳು ಮಾಡಿದ್ದೆ.

ಮೂರು ದಿನ ಬೇಕಾಯಿತು. ಹೆಂಡತಿಗೆ ಮೊದಲು ಹೇಳಿದೆ. ಅವಳು ಎರಡನೆಯ ಸಲ ಯಾಕೆ ಹೊಡೆದಿರಿ ಎಂದು ಕೇಳಿದಳು. ಮೊದಲನೆಯದರ ಬಗ್ಗೆ ಕೇಳಲಿಲ್ಲ. ಮರುದಿನ ಅಧಿಕಾರಿಯ ಕೋಣೆಗೆ ಹೋಗಿ ಹೊಸ ಹೇಳಿಕೆ ಕೊಡುತ್ತೇನೆ ಅಂದೆ. ಆತ ಕೆಟ್ಟವನಲ್ಲ. ಬಾಗಿಲು ಮುಚ್ಚಿಸಿ ಕೂರಿಸಿದ.

“ಯಾಕ್ರಿ ಸುಮ್ಮನ ಮೈಮ್ಯಾಲೆ ಹಾಕ್ಕೋತೀರಿ? ಅಂವನ ಮ್ಯಾಲೆ ಹೋಗಾಕತ್ತೈತಿ, ಹೋಗ್ಲಿ ಬಿಡ್ರಿ.”

“ಅಂವ ಕೇಳಿಕೊಂಡ ಬಂದಿದ್ದ ಸರ್. ಬಾ ಅಂದಾಂವ ನಾನ. ಹೊಡದಾಂವನೂ ನಾನ. ಬರಕೋರಿ.”

ಬರೆದುಕೊಂಡರು. ಅಮಾನತಾದೆ. ಕುರಿಗಾರನ ಮೇಲಿನ ಪ್ರಕರಣ ಬಿದ್ದು ಹೋಗಲು ಮಳೆಗಾಲ ದಾಟಬೇಕಾಯಿತು. ಅವನನ್ನು ಹೊಡೆದ ಅಷ್ಟು ಜನರಲ್ಲಿ ಯಾರ ಗುರುತೂ ಸಿಗಲಿಲ್ಲ. ಎರಡೂ ಪಕ್ಷದವರು ತಮ್ಮವರಲ್ಲ ಅಂದರು. ಆರೋಪಿಯ ಜಾಗದಲ್ಲಿ ಉಳಿದ ಹೆಸರು ನನ್ನದೊಂದೇ. ಆ ಹಲ್ಲೆಯ ಪ್ರಕರಣ ಇನ್ನೂ ನಡೆದಿದೆ, ಕರೆದಾಗಲೆಲ್ಲ ಹೋಗಿ ನಿಲ್ಲುತ್ತೇನೆ.

ದಸರೆ ಮುಗಿದ ಮೇಲೆ ಕುರಿಗಾರನನ್ನು ಹುಡುಕಿಕೊಂಡು ಹೋದೆ. ಬಾದಾಮಿಯಿಂದ ಗುಳೇದಗುಡ್ಡಕ್ಕೆ ಹೋಗುವ ದಾರಿಯ ಹೊಲವೊಂದರಲ್ಲಿ ಹಟ್ಟಿ ಹಾಕಿದ್ದಾರೆಂದು ತಿಳಿದಿತ್ತು. ಬೆಳಗಿನ ಹೊತ್ತು. ಅವನ ತಮ್ಮ, ಕೋರ್ಟಿನಲ್ಲಿ ನನ್ನನ್ನು ಕಂಡಿದ್ದವನು, ದೂರದಿಂದಲೇ ಗುರುತು ಹಿಡಿದು, ಕೈಯಲ್ಲಿದ್ದ ಮರಿಯನ್ನು ಕೆಳಗೆ ಬಿಟ್ಟು, ಕೋಲು ತೆಗೆದುಕೊಂಡ. ಮೊದಲ ಹೊಡೆತ ತೊಡೆಗೆ, ಎರಡನೆಯದು ಬೆನ್ನಿಗೆ. ಮೂರನೆಯದಕ್ಕೆ ಮಂಡಿಯೂರಿದೆ. ಕೈ ಅಡ್ಡ ಹಿಡಿಯಬಾರದೆಂದು ಬರುವಾಗಲೇ ಅಂದುಕೊಂಡಿದ್ದೆ. ಆದರೂ ತಲೆಯ ಮೇಲೆ ಬಂದಾಗ ಕೈ ತಾನಾಗಿಯೇ ಎದ್ದಿತು. ಮುರಿದು ಕೂಡಿದ್ದ ಮಣಿಕಟ್ಟಿಗೇ ಬಿತ್ತು. ಕಣ್ಣು ಕತ್ತಲೆ ಬಂತು. ಕುರಿಗಾರನ ಹೆಂಡತಿ ಒಲೆಯ ಮುಂದೆ ಕೂತು ನೋಡುತ್ತಿದ್ದಳು, ಬೇಡ ಅನ್ನಲಿಲ್ಲ. ತಮ್ಮನಿಗೆ ಇನ್ನೂ ಹೊಡೆಯುವ ಮನಸ್ಸಿತ್ತು. ಕುರಿಗಾರನೇ ಬಂದು ಕೋಲು ಹಿಡಿದ.

ಮೀಸೆ ತೆಗೆಸಿದ್ದ. ತುಟಿಯ ಮೇಲೆ ಹೊಲಿಗೆಯ ಗಾಯವಿತ್ತು, ಅದರ ಮೇಲೆ ಕೂದಲು ಬರುತ್ತಿರಲಿಲ್ಲ. ನಾನು ಏನೋ ಹೇಳಿದೆ. ಅವನು ತಲೆ ತಿರುಗಿಸಿ ಬಲಗಿವಿ ಕೊಟ್ಟ. ಎಡಗಿವಿ ಹೋಗಿತ್ತು. ಮತ್ತೊಮ್ಮೆ ಹೇಳಿದೆ, ತಪ್ಪಾಯಿತು ಎಂದು.

“ಹೊಡದದ್ದ ಮರೀಬಹುದು” ಅಂದ. “ಜನಾನೂ ಹೊಡದ್ರು, ಅದರಾಗ ನೀನೂ ಒಬ್ಬಾಂವ. ಕೈ ಎತ್ತಿ ಬಾ ಅಂದಿದ್ದೆಲ್ಲ, ಅದನ್ನ ಹ್ಯಾಂಗ ಮರೀಲಿ?”

ಆ ದಿನ ಬೆಳಿಗ್ಗೆ ಸಾಹೇಬ್ರ ಅಂದವನು ಈಗ ನೀನು ಅಂದ. ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಮಾತಿನ ಮನುಷ್ಯ ಎಂದಿದ್ದೆನಲ್ಲ, ಆ ಮಾತೂ ಹೋಗಿತ್ತು. ಇನ್ನು ಈ ಕಡೆ ಬರಬೇಡ ಎಂದು ಕೋಲಿನಿಂದ ದಾರಿ ತೋರಿಸಿದ. ಕುಂಟುತ್ತ ರಸ್ತೆಗೆ ಬಂದು ಬಸ್ಸು ಹತ್ತಿದೆ. ದವಾಖಾನೆಯಲ್ಲಿ ಬೈಕಿನಿಂದ ಬಿದ್ದೆ ಅಂದೆ. ಡಾಕ್ಟರು ಬೆನ್ನಿನ ಮೇಲಿನ ಬಾಸುಂಡೆ ನೋಡಿ ಹಾಗೆಯೇ ಬರೆದುಕೊಂಡರು. ಆ ಒಂದು ಸುಳ್ಳು ಮಾತ್ರ ನನಗೆ ಭಾರವಾಗಿಲ್ಲ.

ಅಮಾನತು ತೆಗೆದ ಮೇಲೆ ನನ್ನನ್ನು ಮತ್ತೆ ವೈರ್‌ಲೆಸ್‌ಗೇ ಹಾಕಿದರು. ಅಷ್ಟರಲ್ಲಿ ಜಿಲ್ಲೆಯಲ್ಲಿ ಹೊಸ ಏರ್ಪಾಡು ಬಂದಿತ್ತು. ಯಾವ ಹೆಲಿಕಾಪ್ಟರು ಎಲ್ಲಿ, ಎಷ್ಟಕ್ಕೆ ಎಂಬ ಒಂದೇ ಪಟ್ಟಿ. ಆರೂ ಕಡೆಯವರ ಮೊಬೈಲಿನಲ್ಲಿ ಅದೇ. ಯಾರು ತಿದ್ದಿದರೂ ಎಲ್ಲರಿಗೂ ಕಾಣುತ್ತದೆ. ಬಾದಾಮಿಯಲ್ಲಿ ಗಾಳಿ ಎದ್ದರೆ ಇಳಕಲ್ಲಿನವನಿಗೂ ಗೊತ್ತಾಗುತ್ತದೆ. ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಬಂತು. ಆ ದಿನದ ಬಗ್ಗೆ ಇವನಷ್ಟು ಯಾರಿಗೆ ಗೊತ್ತು ಎಂದು ಯಾರೋ ಹೇಳಿದ್ದರಂತೆ. ಪಟ್ಟಿಗೆ ಇನ್ನೊಂದು ಅಂಕಣ ಬೇಕೆಂದು ಕೇಳಿದೆ: ಮೈದಾನ ಬಳಸುವ ಜನಕ್ಕೆ ತಿಳಿಸಿದವರು ಯಾರು. ಅದು ಯಾಕೆ ಎಂದು ಕೇಳಿದರು, ಹೇಳಿದೆ. ಹಾಕಿಕೊಟ್ಟರು. ಅರ್ಧಕ್ಕರ್ಧ ಸಲ ಆ ಅಂಕಣ ಖಾಲಿಯೇ ಇರುತ್ತದೆ.

ಮೊನ್ನೆಯ ಬೇಸಿಗೆಗೆ ಮುಂಚೆ ಬಾದಾಮಿಯ ಹತ್ತಿರದ ಮೈದಾನವೊಂದಕ್ಕೆ ಹೋಗಿದ್ದೆ. ಅಲ್ಲಿ ಒಬ್ಬ ಮುದುಕಿ ಸುಣ್ಣದ ವೃತ್ತದ ಮೇಲೆಯೇ ಮೆಣಸಿನಕಾಯಿ ಒಣ ಹಾಕಿದ್ದಳು, ಪಕ್ಕದಲ್ಲಿ ಅವನ್ನು ಮುಚ್ಚುವ ಪ್ಲಾಸ್ಟಿಕ್ ತಾಡಪತ್ರಿ ಮಡಚಿ ಇಟ್ಟಿದ್ದಳು. ಅಂಕಣ ಖಾಲಿ ಇತ್ತು. ಹಿಂದಿನ ಊರಿನಿಂದ ಹೆಲಿಕಾಪ್ಟರು ಎದ್ದು ಎಂಟು ನಿಮಿಷವಾಗಿತ್ತು. ಹೊಸದಾಗಿ ಸೇರಿದ ಪೇದೆಯೊಬ್ಬ ಅವಳ ಮೇಲೆ ಲಾಠಿ ಎತ್ತಿದ. ನಾನು ಅವನ ಕೈ ಹಿಡಿದೆ. ಅವನು ಕೊಸರಿ ನನ್ನ ಎದೆಗೆ ಗುದ್ದಿದ. ಆಗ ನನ್ನ ಇನ್ನೊಂದು ಕೈ ಎದ್ದಿತು, ಅದರಲ್ಲಿ ಮೊಬೈಲು ಇತ್ತು. ಅವನ ಕಿವಿಯ ಹತ್ತಿರದ ತನಕ ಹೋಗಿ ನಿಂತಿತು. ಹೇಗೆ ನಿಂತಿತೋ ನನಗೆ ಗೊತ್ತಿಲ್ಲ. ಇಬ್ಬರೂ ಏದುಸಿರು ಬಿಡುತ್ತಿದ್ದೆವು.

“ತಾಡಪತ್ರಿ ಹಿಡಿ ಲೇ” ಅಂದೆ.

ಅವನು ಒಂದು ತುದಿ ಹಿಡಿದ, ನಾನು ಒಂದು ತುದಿ. ಮುದುಕಿ ನಡುವೆ ಕೂತು ಎರಡೂ ಕೈಯಿಂದ ಬಾಚಿ ಹಾಕತೊಡಗಿದಳು. ಪೂರ್ತಿ ಆಗಲಿಲ್ಲ. ಹೆಲಿಕಾಪ್ಟರಿನ ಗಾಳಿ ಬಂದಾಗ ಉಳಿದ ಕಾಯಿಯೂ ಬೀಜವೂ ಖಾರದ ಪುಡಿಯೂ ಒಟ್ಟಿಗೆ ಎದ್ದು ಮೈದಾನದಲ್ಲಿದ್ದವರ ಕಣ್ಣು ಮೂಗಿಗೆಲ್ಲ ಹೊಕ್ಕವು. ಹಾರ ಹಿಡಿದವರು ಕೆಮ್ಮಿದರು, ಇಳಿದು ಬಂದ ದೊಡ್ಡವರು ಸೀನಿದರು. ಪೇದೆ ಕಣ್ಣು ತೆರೆಯಲಾಗದೆ ತಾಡಪತ್ರಿಯ ಮೇಲೆ ಬಿದ್ದುಕೊಂಡು ಅದನ್ನು ಹಾರದಂತೆ ಹಿಡಿದಿದ್ದ. ಅಷ್ಟರ ನಡುವೆಯೂ ಮುದುಕಿ ನನ್ನನ್ನು, ಪೇದೆಯನ್ನು, ಹೆಲಿಕಾಪ್ಟರನ್ನು, ಅದರಲ್ಲಿ ಬಂದವರ ಏಳು ತಲೆಮಾರನ್ನು ಒಂದೇ ಉಸಿರಿನಲ್ಲಿ ಬೈಯುತ್ತಿದ್ದಳು. ಕಣ್ಣೊರೆಸಿಕೊಳ್ಳುತ್ತ ನಿಂತು ಪೂರ್ತಿ ಕೇಳಿದೆ.